ಪ್ರಜ್ಞೆ ಇದ್ದಮಾತ್ರಕ್ಕೆ ಆತ್ಮ ಇದೆಯೇ?

ಮಂಗಳೂರು, ಮಣಿಪಾಲದ ತೀವ್ರ ನಿಗಾ ಘಟಕಗಳ ಹೊರಗೆ ಕುಳಿತವರಿಗೆ ತತ್ತ್ವಶಾಸ್ತ್ರ ಓದುವ ಪುರುಸೊತ್ತು ಇರುವುದಿಲ್ಲ. ಆದರೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗನ ಬಗ್ಗೆ ವೈದ್ಯರು ‘ಮಿದುಳು ಸತ್ತಿದೆ’ ಎಂದು ಹೇಳಿ ಅಂಗಾಂಗ ದಾನದ ಮಾತೆತ್ತಿದಾಗ, ತತ್ತ್ವಶಾಸ್ತ್ರದ ಅತಿ ಕಠಿಣ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ, ನಾಡಿ ಮಿಡಿಯುತ್ತಿದೆ. ಹಾಗಾದರೆ ಹೋದದ್ದು ಏನು? ಪ್ರಜ್ಞೆಯೇ, ಜೀವವೇ, ಆತ್ಮವೇ? ಮೂರೂ ಒಂದೇ ವಸ್ತುವಿನ ಹೆಸರುಗಳೇ?

ಮನುಷ್ಯರಂತೆ ಮಾತನಾಡುವ ಯಂತ್ರಗಳು ಮೊಬೈಲ್‌ಗೆ ಬಂದ ಮೇಲೆ ಇದೇ ಪ್ರಶ್ನೆ ಇನ್ನೊಂದು ದಾರಿಯಿಂದಲೂ ಮನೆಯೊಳಗೆ ಕಾಲಿಟ್ಟಿದೆ. ಯಂತ್ರ ಉತ್ತರ ಕೊಡುತ್ತದೆ, ಆದರೆ ಅದಕ್ಕೆ ಒಳಗೆ ಏನಾದರೂ ಅನಿಸುತ್ತದೆಯೇ? ಇಲ್ಲ ಎನ್ನುವುದಾದರೆ ನಮ್ಮೊಳಗಿರುವ ಆ ‘ಅನಿಸುವಿಕೆ’ ಎಲ್ಲಿಂದ ಬಂತು? ಜಡವಸ್ತುವಿನಿಂದ ಅರಿವು ಹುಟ್ಟಲಾರದು, ಆದ್ದರಿಂದ ಆತ್ಮ ಇರಲೇಬೇಕು ಎಂಬ ವಾದವನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೇವೆ. ಆ ವಾದ ಎಷ್ಟು ದೂರ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು, ಪ್ರಜ್ಞೆ ಎಂದರೇನು

ಎಚ್ಚರವಾಗಿರುವುದು ಒಂದು, ಅನುಭವ ಇರುವುದು ಇನ್ನೊಂದು. ಕಣ್ಣು ತೆರೆದಿದ್ದರೂ ಅನುಭವ ಇಲ್ಲದಿರಬಹುದು. ಕಣ್ಣು ಮುಚ್ಚಿ ಮಲಗಿದ್ದರೂ ಕನಸಿನಲ್ಲಿ ಅನುಭವ ಇರಬಹುದು. ಈ ಲೇಖನದಲ್ಲಿ ಪ್ರಜ್ಞೆ ಎಂದರೆ ಅನುಭವ: ಹಲ್ಲುನೋವು ನೋಯುವುದು, ಮಲ್ಲಿಗೆಯ ಪರಿಮಳ ಪರಿಮಳವಾಗಿಯೇ ತೋರುವುದು.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ರಸ್ತೆ ಅಪಘಾತದ ಬಳಿಕ 23 ವರ್ಷದ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಯಾವ ಮಾತಿಗೂ ಪ್ರತಿಕ್ರಿಯೆ ನೀಡದೆ ಮಲಗಿದ್ದರು. ಕಣ್ಣು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅಷ್ಟೇ. ಬ್ರಿಟನ್ನಿನ ವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಅವರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದರು. ಮಿದುಳಿನಲ್ಲಿ ಚಲನೆಯನ್ನು ಯೋಜಿಸುವ ಭಾಗ ಚುರುಕಾಯಿತು. ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದಾಗ ಜಾಗಗಳನ್ನು ಗುರುತಿಸುವ ಬೇರೆ ಭಾಗ ಚುರುಕಾಯಿತು. ಆರೋಗ್ಯವಂತರಲ್ಲೂ ಹೀಗೆಯೇ ಆಗುತ್ತದೆ. ಬೆರಳು ಅಲುಗಿಸಲಾಗದ ಆ ದೇಹದೊಳಗೆ ಮಾತು ಕೇಳಿಸಿಕೊಳ್ಳುವವರು ಒಬ್ಬರಿದ್ದರು.

ಮಿದುಳು ಸಾವು ಇದಲ್ಲ. ಅಲ್ಲಿ ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡವೂ ಮರಳಿ ಬಾರದಂತೆ ನಿಂತಿರುತ್ತದೆ. ಎದೆ ಏರಿಳಿಯುವುದು ವೆಂಟಿಲೇಟರ್‌ನ ಒತ್ತಡದಿಂದ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಇದನ್ನು ದೃಢಪಡಿಸಬೇಕು. ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯುತ್ತದೆ. ಕಣ್ಣಿನ ಪಾಪೆಗೆ ಬೆಳಕು ಬಿಡುತ್ತಾರೆ, ಕಿವಿಯೊಳಗೆ ತಣ್ಣೀರು ಹಾಕಿ ಕಣ್ಣು ಚಲಿಸುತ್ತದೆಯೇ ನೋಡುತ್ತಾರೆ, ವೆಂಟಿಲೇಟರ್ ಬಿಡಿಸಿ ಆಮ್ಲಜನಕವನ್ನು ಮಾತ್ರ ಹರಿಸುತ್ತ ಎದೆಯ ಮೇಲೆ ಕಣ್ಣಿಟ್ಟು ನಿಮಿಷಗಟ್ಟಲೆ ಕಾಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋದರೂ ಎದೆ ಒಮ್ಮೆಯೂ ತಾನಾಗಿ ಏಳದಿದ್ದರೆ, ಏಳಿಸಬೇಕಾದ ಕೇಂದ್ರ ಇನ್ನಿಲ್ಲ ಎಂದರ್ಥ. ಈ ಪರೀಕ್ಷೆಗಳಿಗೆ ಆತ್ಮದ ಬಗ್ಗೆ ಹೇಳುವುದೇನೂ ಇಲ್ಲ. ಮರಳುವ ದಾರಿ ಮುಚ್ಚಿದೆಯೇ ಎಂಬುದನ್ನಷ್ಟೇ ಅವು ಹೇಳುತ್ತವೆ, ಅದನ್ನು ಖಚಿತವಾಗಿ ಹೇಳುತ್ತವೆ.

ಆತ್ಮ ಎನ್ನುವಾಗ ಮೂರು ಮಾತು

ಆತ್ಮ ಇದೆ ಎನ್ನುವವರು ಸಾಮಾನ್ಯವಾಗಿ ಮೂರು ಮಾತುಗಳನ್ನು ಒಟ್ಟಿಗೇ ಹೇಳುತ್ತಿರುತ್ತಾರೆ. ಅನುಭವವು ದೇಹದ ಉತ್ಪನ್ನವಲ್ಲ ಎಂಬುದು ಒಂದು. ಎಲ್ಲ ಅನುಭವಗಳಿಗೂ ಒಬ್ಬನೇ ಒಡೆಯನಿದ್ದಾನೆ, ಬಾಲ್ಯದಲ್ಲಿ ಬಿದ್ದು ಮೊಣಕಾಲು ತರಚಿಕೊಂಡವನೂ ಇಂದು ಈ ಸಾಲು ಓದುತ್ತಿರುವವನೂ ಅವನೇ ಎಂಬುದು ಇನ್ನೊಂದು. ದೇಹ ಹೋದ ಮೇಲೂ ಅವನು ಉಳಿಯುತ್ತಾನೆ ಎಂಬುದು ಮೂರನೆಯದು. ಮೊದಲನೆಯದು ನಿಜವಾದರೂ ಎರಡನೆಯದು ಸುಳ್ಳಾಗಬಹುದು, ಎರಡೂ ನಿಜವಾಗಿ ಮೂರನೆಯದು ಸುಳ್ಳಾಗಬಹುದು. ಚರ್ಚೆ ಹೆಚ್ಚಾಗಿ ದಾರಿ ತಪ್ಪುವುದು ಮೊದಲನೆಯದಕ್ಕೆ ಸಿಕ್ಕ ಆಧಾರವನ್ನು ಮೂರನೆಯದಕ್ಕೆ ಜಮಾ ಮಾಡುವುದರಿಂದ.

ಮಿದುಳಿನ ಸಾಕ್ಷ್ಯ ಏನು ಹೇಳುತ್ತದೆ

ಶಸ್ತ್ರಚಿಕಿತ್ಸೆಗೆ ಒಳಗಾದ ಯಾರನ್ನಾದರೂ ಕೇಳಿ ನೋಡಿ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಕೈಯ ರಕ್ತನಾಳದೊಳಗೆ ಇಳಿಯುತ್ತದೆ. ತೋಳಿನಲ್ಲಿ ಸ್ವಲ್ಪ ಉರಿ, ಛಾವಣಿಯ ದೀಪ, ಅರಿವಳಿಕೆ ತಜ್ಞರ ಯಾವುದೋ ಪ್ರಶ್ನೆ. ಅದಕ್ಕೆ ಉತ್ತರ ಮುಗಿಯುವುದಿಲ್ಲ. ಮುಂದಿನ ಕ್ಷಣದಲ್ಲಿ ಬೇರೆ ಕೋಣೆ, ಯಾರೋ ಹೆಸರು ಹಿಡಿದು ಕರೆಯುತ್ತಿದ್ದಾರೆ, ಗಡಿಯಾರ ಮೂರು ಗಂಟೆ ಮುಂದೆ ಹೋಗಿದೆ. ಬೆಳಗ್ಗೆ ಎದ್ದವನಿಗೆ ಇಷ್ಟು ಹೊತ್ತು ಮಲಗಿದ್ದೆ ಎಂಬ ಅಂದಾಜು ಇರುತ್ತದೆ. ಅರಿವಳಿಕೆಯ ನಂತರ ಅನೇಕರಿಗೆ ಅದೂ ಇರುವುದಿಲ್ಲ. ಒಂದು ರಾಸಾಯನಿಕ ಅನುಭವವನ್ನು ಹೀಗೆ ಅಳಿಸುತ್ತದೆ, ಅದರ ಪ್ರಭಾವ ಇಳಿದಾಗ ಅನುಭವ ಮರಳುತ್ತದೆ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ತೋರಿಸಿದಂದಿನಿಂದ ಇದು ನಿತ್ಯದ ಸಂಗತಿಯಾಗಿದೆ.

ಸ್ವಭಾವವೂ ಮಿದುಳಿನ ಕೈಯಲ್ಲಿದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬಾತನ ಕೆನ್ನೆಯಿಂದ ನೆತ್ತಿಯವರೆಗೆ ಒಂದು ಮೀಟರಿಗೂ ಉದ್ದದ ಕಬ್ಬಿಣದ ಸರಳು ತೂರಿಹೋಯಿತು. ಆತ ಬದುಕಿದ. ಮಾತು, ಲೆಕ್ಕ, ನೆನಪು ಎಲ್ಲ ಉಳಿದವು. ಆದರೆ ಹಿಂದೆ ಶಿಸ್ತಿನ ಮೇಸ್ತ್ರಿಯಾಗಿದ್ದವನು ಒರಟನೂ ಚಂಚಲನೂ ಆದ ಎಂದು ಚಿಕಿತ್ಸೆ ಮಾಡಿದ ವೈದ್ಯ ಹಾರ್ಲೋ ಬರೆದಿಟ್ಟರು. ‘ಅವನು ಈಗ ಗೇಜ್ ಅಲ್ಲ’ ಎಂದು ಗೆಳೆಯರು ಹೇಳುತ್ತಿದ್ದರಂತೆ. ಈ ಕತೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆ ಸಾರೋಟು ಓಡಿಸಿ ಜೀವನ ಮಾಡಿದ ಎಂಬುದನ್ನೂ ಸೇರಿಸಿ ಹೇಳಬೇಕು.

ಮಿದುಳಿನ ಎಲ್ಲ ಭಾಗಕ್ಕೂ ಅನುಭವದೊಡನೆ ಒಂದೇ ಬಗೆಯ ನಂಟು ಇಲ್ಲ ಎಂಬುದೂ ಕುತೂಹಲದ ವಿಷಯ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು ಹಿಂಭಾಗದ ಕಿರುಮಿದುಳಿನಲ್ಲಿ. ಅಲ್ಲಿ ತೀವ್ರ ಹಾನಿಯಾದವರು ನಡಿಗೆಯಲ್ಲಿ ತೂರಾಡುತ್ತಾರೆ, ಮಾತು ತೊದಲುತ್ತದೆ, ಪ್ರಜ್ಞೆ ಮಾತ್ರ ಹೋಗುವುದಿಲ್ಲ. ಎಂದರೆ ನರಕೋಶಗಳ ರಾಶಿಯಷ್ಟೇ ಸಾಲದು, ಅವು ಹೇಗೆ ಹೆಣೆದುಕೊಂಡಿವೆ ಎಂಬುದು ಮುಖ್ಯ.

ಇದರಿಂದ ಪ್ರಜ್ಞೆ ಮಿದುಳನ್ನು ಅವಲಂಬಿಸಿದೆ ಎಂದು ಸಿದ್ಧವಾಗುತ್ತದೆ. ಪ್ರಜ್ಞೆ ಎಂದರೆ ಮಿದುಳೇ ಎಂದು ಸಿದ್ಧವಾಗುವುದಿಲ್ಲ. ಮಿದುಳು ಅನುಭವವನ್ನು ಹುಟ್ಟಿಸುವುದಿಲ್ಲ, ಬೇರೆಡೆ ಇರುವುದನ್ನು ಹಾಯಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 19ನೇ ಶತಮಾನದ ಕೊನೆಯಲ್ಲಿ ವಾದಿಸಿದ್ದರು. ಎಚ್ಚರವಿದ್ದ ರೋಗಿಗಳ ತೆರೆದ ಮಿದುಳನ್ನು ವಿದ್ಯುತ್ತಿನಿಂದ ಮುಟ್ಟಿ ನೋಡಿದ ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಕೂಡ ಕೊನೆಗಾಲದಲ್ಲಿ ಮನಸ್ಸನ್ನು ಮಿದುಳಿನಿಂದಷ್ಟೇ ವಿವರಿಸಲಾಗದು ಎಂಬ ಕಡೆಗೆ ವಾಲಿದರು. ಅವರು ತಾಗಿಸಿದಾಗ ರೋಗಿಯ ಕೈ ಎದ್ದರೆ, ‘ಇದು ನಾನು ಮಾಡಿದ್ದಲ್ಲ, ನೀವು ಮಾಡಿಸಿದ್ದು’ ಎಂದು ರೋಗಿ ಹೇಳುತ್ತಿದ್ದ. ಆದರೆ ಹಾಯಿಸುವ ಮಿದುಳಿಗೂ ಹುಟ್ಟಿಸುವ ಮಿದುಳಿಗೂ ವ್ಯತ್ಯಾಸ ಹಿಡಿಯುವ ಪ್ರಯೋಗ ಯಾವುದು ಎಂದು ಕೇಳಿದರೆ ಜೇಮ್ಸ್ ಅವರ ಪಕ್ಷ ಇನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ಸಾಧ್ಯತೆ ಎನ್ನಬಹುದು, ಸಾಕ್ಷ್ಯ ಎನ್ನಲಾಗದು.

ವೀಳ್ಯದ ಕೆಂಪು

ಜಡದಿಂದ ಅರಿವು ಹೇಗೆ ಹುಟ್ಟೀತು ಎಂಬ ಪ್ರಶ್ನೆಗೆ ನಮ್ಮ ನಾಡಿನ ಪ್ರಾಚೀನ ಭೌತವಾದಿಗಳಾದ ಚಾರ್ವಾಕರು ಕೊಟ್ಟಿದ್ದ ಉತ್ತರ ಕರಾವಳಿಯವರ ನಾಲಗೆಯ ಮೇಲೆಯೇ ಇದೆ. ವೀಳ್ಯದೆಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರನ್ನೂ ಬಾಯಿಗೆ ಹಾಕಿ ಜಗಿದರೆ ಯಾವುದರಲ್ಲೂ ಇಲ್ಲದಿದ್ದ ಕೆಂಪು ಮೂಡುತ್ತದೆ. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ತಕ್ಕಂತೆ ಸೇರಿದಾಗ ಯಾವುದರಲ್ಲೂ ಇಲ್ಲದ ಚೈತನ್ಯ ಮೂಡುತ್ತದೆ, ಸಂಯೋಗ ಬಿಟ್ಟುಹೋದರೆ ಅದೂ ಹೋಗುತ್ತದೆ ಎಂದು ಅವರ ವಾದ. ಇಂದಿನ ಬಹುಪಾಲು ನರವಿಜ್ಞಾನಿಗಳು ನಿಂತಿರುವುದೂ ಹೆಚ್ಚುಕಡಿಮೆ ಇದೇ ನೆಲದಲ್ಲಿ.

ಹೋಲಿಕೆ ಸೊಗಸಾಗಿದೆ, ಆದರೆ ಒಂದು ಕಡೆ ಮುರಿಯುತ್ತದೆ. ಕೆಂಪು ಏಕೆ ಬಂತು ಎಂದು ನಾವು ಪೂರ್ತಿ ಹೇಳಬಲ್ಲೆವು: ಅಡಿಕೆಯಲ್ಲಿರುವ ಪಾಲಿಫಿನಾಲ್‌ಗಳು ಸುಣ್ಣದ ಕ್ಷಾರದಲ್ಲಿ ಬದಲಾಗಿ, ಅವು ಹಿಂದಿರುಗಿಸುವ ಬೆಳಕು ಬೇರೆಯಾಗುತ್ತದೆ. ಅಣುಗಳಿಂದ ಬೆಳಕಿನವರೆಗೆ ಸರಪಳಿ ಎಲ್ಲೂ ತುಂಡಾಗುವುದಿಲ್ಲ. ಆದರೆ ಆ ಕೆಂಪನ್ನು ಕಂಡವನಿಗೆ ಅದು ಕೆಂಪಾಗಿ ಅನಿಸಿತಲ್ಲ, ಆ ಅನಿಸಿಕೆಗೆ ಇಂತಹ ಸರಪಳಿ ಸಿಕ್ಕಿಲ್ಲ. ಬೆಳಕು ಕಣ್ಣಿನ ಪರದೆಗೆ ಬಿತ್ತು, ಸಂಕೇತ ಮಿದುಳಿನ ಹಿಂಭಾಗಕ್ಕೆ ಹೋಯಿತು, ಲಕ್ಷಾಂತರ ನರಕೋಶಗಳು ಮಿಡಿದವು. ಇಷ್ಟು ಹೇಳಿದ ಮೇಲೂ ಇದೆಲ್ಲ ಅನುಭವವಿಲ್ಲದೆ ಕತ್ತಲಲ್ಲೇ ಏಕೆ ನಡೆಯಲಿಲ್ಲ ಎಂಬ ಪ್ರಶ್ನೆ ಉಳಿದುಬಿಡುತ್ತದೆ.

ಆಸ್ಟ್ರೇಲಿಯಾದ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರ ಪ್ರಬಂಧದಲ್ಲಿ ಇದನ್ನು ಪ್ರಜ್ಞೆಯ ‘ಕಠಿಣ ಸಮಸ್ಯೆ’ ಎಂದು ಕರೆದರು. ನೆನಪು, ಗಮನ, ನಿದ್ದೆ ಹೇಗೆ ಕೆಲಸ ಮಾಡುತ್ತವೆ ಎಂಬವು ಅವರ ಪ್ರಕಾರ ಸುಲಭದ ಸಮಸ್ಯೆಗಳು. ನೂರು ವರ್ಷ ಹಿಡಿದರೂ ಅವುಗಳಿಗೆ ಉತ್ತರ ಹುಡುಕುವ ದಾರಿ ಗೊತ್ತಿದೆ. 1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರು, 25 ವರ್ಷಗಳಲ್ಲಿ ಪ್ರಜ್ಞೆಯ ಸ್ಪಷ್ಟ ಗುರುತನ್ನು ಮಿದುಳಿನಲ್ಲಿ ಹಿಡಿಯುತ್ತೇವೆ ಎಂದು ಚಾಮರ್ಸ್ ಜೊತೆ ಪಣ ಕಟ್ಟಿದರು. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವೇದಿಕೆಯ ಮೇಲೆಯೇ ಸೋಲೊಪ್ಪಿ ವೈನ್ ಕೊಟ್ಟರು. ಅದಕ್ಕೆ ಮುನ್ನ ಎರಡು ಪ್ರಮುಖ ಸಿದ್ಧಾಂತಗಳನ್ನು ಮುಖಾಮುಖಿಯಾಗಿ ಪರೀಕ್ಷಿಸಲಾಗಿತ್ತು. ಮಾಹಿತಿ ಮಿದುಳಿನಾದ್ಯಂತ ಬಿತ್ತರವಾದಾಗ ಪ್ರಜ್ಞೆ ಉಂಟಾಗುತ್ತದೆ ಎಂಬುದು ಒಂದು. ಮಾಹಿತಿ ಬಿಡಿಸಲಾಗದಂತೆ ಒಂದಾಗಿ ಹೆಣೆದುಕೊಂಡಿರುವುದೇ ಪ್ರಜ್ಞೆ ಎಂಬುದು ಇನ್ನೊಂದು. ಎರಡೂ ಸಿದ್ಧಾಂತಗಳ ಕೆಲವು ಮುನ್ಸೂಚನೆಗಳು ಸರಿಯಾಗಲಿಲ್ಲ.

ಹಾಗಾದರೆ ಆತ್ಮಪಕ್ಷ ಗೆದ್ದಿತೇ? ಇಲ್ಲ. ಚಾಮರ್ಸ್ ಸ್ವತಃ ತಮ್ಮ ಸಮಸ್ಯೆಯಿಂದ ಅಮರ ಆತ್ಮಕ್ಕೆ ಹಾರಲಿಲ್ಲ. ದ್ರವ್ಯರಾಶಿ, ವಿದ್ಯುದಂಶಗಳಂತೆ ಅನುಭವವೂ ಪ್ರಕೃತಿಯ ಮೂಲಗುಣವೇ ಇರಬಹುದು ಎಂದರು. ಅದು ಚಾರ್ವಾಕವೂ ಅಲ್ಲ, ಆತ್ಮವಾದವೂ ಅಲ್ಲ. ಅನುಭವವು ದೇಹದ ಉತ್ಪನ್ನವಲ್ಲ ಎಂಬ ಮೊದಲ ಮಾತು ಇನ್ನೂ ತೀರ್ಮಾನವಾಗದ ನಿಜವಾದ ಪ್ರಶ್ನೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು ಎಂಬಷ್ಟನ್ನು ಮಾತ್ರ ಇಲ್ಲಿಂದ ಹೇಳಬಹುದು.

ಒಡೆಯ ಒಬ್ಬನೇ ಎಂಬುದಕ್ಕೆ ಆಧಾರ

ಮಾವಿನ ಹಣ್ಣನ್ನು ಕಣ್ಣು ಕಂಡಿತು, ಕೈ ಮುಟ್ಟಿತು. ಆದರೆ ‘ಕಂಡದ್ದನ್ನೇ ಮುಟ್ಟುತ್ತಿದ್ದೇನೆ’ ಎಂದು ತಿಳಿದವರು ಯಾರು? ಕಣ್ಣಿಗೆ ಸ್ಪರ್ಶ ಗೊತ್ತಿಲ್ಲ, ಕೈಗೆ ಬಣ್ಣ ಗೊತ್ತಿಲ್ಲ. ಎರಡನ್ನೂ ತನ್ನದೆಂದು ಸೇರಿಸಿಕೊಂಡ ಒಬ್ಬ ಜ್ಞಾತೃ, ಅಂದರೆ ಅರಿಯುವವನು, ಇರಬೇಕು ಎಂದು ತರ್ಕಕ್ಕೆ ಹೆಸರಾದ ಭಾರತದ ನ್ಯಾಯದರ್ಶನ ವಾದಿಸಿತು. ಆತ್ಮವಾದಗಳಲ್ಲಿ ನನಗೆ ಅತ್ಯಂತ ಗಟ್ಟಿ ಎನಿಸುವುದು ಇದು.

13ನೇ ಶತಮಾನದಲ್ಲಿ ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇನ್ನೂ ನೇರವಾದ ದಾರಿ ಹಿಡಿದರು. ‘ನಾನು’ ಇದ್ದೇನೆ ಎಂಬುದನ್ನು ಊಹಿಸಬೇಕಾಗಿಲ್ಲ, ಅದು ನೇರ ಅನುಭವ ಎಂಬುದು ಅವರ ನಿಲುವು. ಸುಖ, ದುಃಖ, ಕಾಲ, ತನ್ನ ಇರವು, ಇವುಗಳನ್ನು ಅರಿಯುವ, ಜೀವದ ಸ್ವರೂಪವೇ ಆದ ಒಳ ಇಂದ್ರಿಯಕ್ಕೆ ಅವರು ಕೊಟ್ಟ ಹೆಸರು ‘ಸಾಕ್ಷಿ’. ಕಣ್ಣು ಹಗ್ಗವನ್ನು ಹಾವೆಂದು ತಪ್ಪಾಗಿ ತಿಳಿಯಬಹುದು, ಆದರೆ ನನಗೆ ನೋಯುತ್ತಿದೆ ಎಂಬ ಅರಿವು ತಪ್ಪಾಗುವುದಿಲ್ಲ. ನನ್ನ ನೋವು ನಿಮಗೆ ನೋಯುವುದಿಲ್ಲವಾದ್ದರಿಂದ ಜೀವರು ಒಬ್ಬರಿಗೊಬ್ಬರು ಬೇರೆಯೇ. ಮಧ್ವರ ದ್ವೈತ ದರ್ಶನ ಹೇಳುವ ಐದು ಭೇದಗಳಲ್ಲಿ ಒಂದಾದ ಜೀವ-ಜೀವ ಭೇದಕ್ಕೆ ಈ ದಿನನಿತ್ಯದ ಅನುಭವವೇ ಬಲ.

ಬೌದ್ಧರು ಇದನ್ನು ಒಪ್ಪಲಿಲ್ಲ. ಕ್ಷಣಕ್ಷಣದ ಅನುಭವಗಳು ಒಂದರ ಹಿಂದೆ ಒಂದು ಹರಿಯುತ್ತವೆ, ಹಿಂದಿನದು ಮುಂದಿನದಕ್ಕೆ ಸಂಸ್ಕಾರ ಬಿಟ್ಟುಹೋಗುತ್ತದೆ, ಇವುಗಳ ಹಿಂದೆ ಪ್ರತ್ಯೇಕ ಒಡೆಯ ಬೇಕಿಲ್ಲ ಎಂದರು. ಈ ವಿವಾದಕ್ಕೆ 20ನೇ ಶತಮಾನದ ಪ್ರಯೋಗಶಾಲೆ ಅಚ್ಚರಿಯ ಸಾಕ್ಷ್ಯವನ್ನು ತಂದಿತು. ತೀವ್ರ ಅಪಸ್ಮಾರ ತಡೆಯಲು ಮಿದುಳಿನ ಎಡ-ಬಲ ಭಾಗಗಳನ್ನು ಜೋಡಿಸುವ ನರದ ಪಟ್ಟಿಯನ್ನು ಕೆಲವರಲ್ಲಿ ಕತ್ತರಿಸಲಾಯಿತು. ಇವರ ಮೇಲೆ ನಡೆಸಿದ ಅಧ್ಯಯನಕ್ಕಾಗಿ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪಡೆದರು. ಸ್ಪೆರಿಯವರ ಶಿಷ್ಯ ಮೈಕಲ್ ಗಜಾನಿಗ ಅಂತಹ ಒಬ್ಬ ಹುಡುಗನ ಎಡಮಿದುಳಿಗೆ ಕೋಳಿಯ ಪಾದವನ್ನೂ ಬಲಮಿದುಳಿಗೆ ಹಿಮ ಮುಚ್ಚಿದ ಮನೆಯನ್ನೂ ತೋರಿಸಿದರು. ಎದುರಿನ ಚಿತ್ರಗಳಲ್ಲಿ ಹೊಂದುವುದನ್ನು ಆರಿಸು ಎಂದಾಗ ಎಡಮಿದುಳು ನಡೆಸುವ ಬಲಗೈ ಕೋಳಿಯನ್ನು ತೋರಿಸಿತು, ಬಲಮಿದುಳು ನಡೆಸುವ ಎಡಗೈ ಸಲಿಕೆಯನ್ನು ತೋರಿಸಿತು. ಸಲಿಕೆ ಏಕೆ ಎಂದು ಕೇಳಿದರೆ, ಮಾತಿನ ಯಜಮಾನಿಕೆಯಿರುವ ಎಡಮಿದುಳಿಗೆ ಹಿಮದ ಸುದ್ದಿಯೇ ಗೊತ್ತಿಲ್ಲ. ಹುಡುಗ ತಡವರಿಸಲಿಲ್ಲ: ಕೋಳಿಗೂಡು ಗುಡಿಸಲು ಸಲಿಕೆ ಬೇಕಲ್ಲ ಎಂದ.

ಒಬ್ಬನೇ ಒಡೆಯನಿದ್ದರೆ ಹಿಮ ಕಂಡವನು ಯಾರು, ಉತ್ತರಿಸಿದವನು ಯಾರು? ಪ್ರಜ್ಞೆ ಎರಡಾಯಿತು ಎನ್ನುವ ವಿಜ್ಞಾನಿಗಳಿದ್ದಾರೆ, ಮಾಹಿತಿ ಮಾತ್ರ ಎರಡಾಯಿತು, ಅನುಭವಿಸುವವನು ಒಬ್ಬನೇ ಎನ್ನುವವರೂ ಇದ್ದಾರೆ. ಆದರೆ ‘ನಾನು ಹೀಗೆ ಮಾಡಿದ್ದು ಈ ಕಾರಣಕ್ಕೆ’ ಎಂದು ಒಳಗಿನಿಂದ ಬರುವ ದೃಢವಾದ ಮಾತು ಕಟ್ಟುಕತೆಯಾಗಿರಬಲ್ಲದು ಎಂಬುದರಲ್ಲಿ ಸಂಶಯವಿಲ್ಲ.

ಯಾವ ಆತ್ಮದ ಬಗ್ಗೆ ಮಾತು

ಮಿದುಳಿನ ಸಾಕ್ಷ್ಯ ಎಲ್ಲ ಆತ್ಮವಾದಗಳನ್ನೂ ಒಂದೇ ಜೋರಿನಲ್ಲಿ ಹೊಡೆಯುವುದಿಲ್ಲ. ಇದನ್ನು ಗಮನಿಸಿದವರು ಕಡಿಮೆ. ಫ್ರಾನ್ಸಿನ ದೇಕಾರ್ತ್ 17ನೇ ಶತಮಾನದಲ್ಲಿ ಆಲೋಚನೆಯನ್ನೇ ಆತ್ಮದ ಸ್ವರೂಪವೆಂದರು. ಹಾಗಿದ್ದರೆ ಮಿದುಳಿಗೆ ಪೆಟ್ಟು ಬಿದ್ದಾಗ ಆಲೋಚನೆ ಕೆಡುವುದೇಕೆ ಎಂಬುದು ತೊಡಕಾಗುತ್ತದೆ. ಜಡವಲ್ಲದ ಆತ್ಮ ಜಡವಾದ ದೇಹವನ್ನು ಅಲುಗಿಸುವುದು ಹೇಗೆ ಎಂದು 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ದೇಕಾರ್ತರಿಗೆ ಪತ್ರ ಬರೆದು ಕೇಳಿದ್ದಳು. ತೃಪ್ತಿಕರ ಉತ್ತರ ಬರಲಿಲ್ಲ.

ಸಾಂಖ್ಯ, ವೇದಾಂತಗಳಲ್ಲಿ ಮನಸ್ಸು, ಬುದ್ಧಿ, ಅಹಂಕಾರಗಳೇ ಜಡಪ್ರಕೃತಿಯ ಕಡೆಗೆ ಸೇರುತ್ತವೆ. ಗೇಜ್‌ನ ಸ್ವಭಾವ ಬದಲಾದದ್ದು ಅವರಿಗೆ ಆಘಾತವೇ ಅಲ್ಲ. ಬದಲಾದದ್ದು ಪ್ರಕೃತಿ, ಅರಿಯುವ ಚೇತನವಲ್ಲ ಎನ್ನುತ್ತಾರೆ. ಇನ್ನು ದೇಹ ಅಲುಗುವ ಪ್ರಶ್ನೆಗೆ ದ್ವೈತದ ಉತ್ತರವೇ ಬೇರೆ: ಜೀವನೂ ಜಡವೂ ಎರಡೂ ಪರತಂತ್ರ, ಜೀವನ ಕರ್ತೃತ್ವವೇ ಈಶ್ವರಾಧೀನ. ಹಾಗಾಗಿ ಮಧ್ವರ ದ್ವೈತವನ್ನೂ ದೇಕಾರ್ತರ ದ್ವೈತವನ್ನೂ ಹೆಸರು ಒಂದೇ ಎಂದು ಒಟ್ಟಿಗೆ ಕಟ್ಟುವುದು ಸರಿಯಲ್ಲ. ಆದರೆ ಇದಕ್ಕೂ ಬೆಲೆ ತೆರಬೇಕಾಗುತ್ತದೆ. ನೆನಪು, ನಗು, ಸಿಟ್ಟು, ಮಾತಿನ ಧಾಟಿ ಎಲ್ಲ ಪ್ರಕೃತಿಗೆ ಸೇರಿದರೆ, ಉಳಿಯುವ ಆತ್ಮದಲ್ಲಿ ನಮ್ಮ ಅಜ್ಜನನ್ನು ಅಜ್ಜನೆಂದು ಗುರುತಿಸುವುದು ಹೇಗೆ? ಸಂಸ್ಕಾರಗಳನ್ನು ಹೊತ್ತೊಯ್ಯುವ ಸೂಕ್ಷ್ಮಶರೀರವನ್ನು ದರ್ಶನಗಳು ಹೇಳಿದ್ದು ಇದಕ್ಕಾಗಿ. ನ್ಯಾಯದರ್ಶನದವರಂತೂ ಇನ್ನೂ ಮುಂದೆ ಹೋಗಿ, ಪ್ರಜ್ಞೆ ಆತ್ಮದಲ್ಲಿ ಬಂದುಹೋಗುವ ಗುಣ, ಮೋಕ್ಷದಲ್ಲಿ ಅದೂ ಇಲ್ಲ ಎಂದುಬಿಟ್ಟರು. ಆತ್ಮ ಇರಬೇಕಾದರೆ ಪ್ರಜ್ಞೆ ಇರಲೇಬೇಕು ಎಂಬ ಕಟ್ಟು ಅವರಲ್ಲಿ ಇಲ್ಲ.

ಕರಾವಳಿಯ ಮನೆಗಳಲ್ಲಿ ಉತ್ತರಗಳು ಇನ್ನೂ ಹಲವು. ಮೂಡುಬಿದಿರೆ, ಕಾರ್ಕಳದ ಜೈನರಿಗೆ ಚೇತನವೇ ಜೀವದ ಲಕ್ಷಣ, ಇರುವೆಯ ಜೀವ ಇರುವೆಯಷ್ಟೇ ಗಾತ್ರ. ನವೆಂಬರ್ 2ರಂದು ಗೋರಿಗಳ ಮೇಲೆ ಮೇಣದಬತ್ತಿ ಹಚ್ಚುವ ಕ್ಯಾಥೊಲಿಕರಿಗೆ ಆತ್ಮದ ಜೊತೆಗೆ ದೇಹದ ಪುನರುತ್ಥಾನವೂ ನಂಬಿಕೆಯ ಭಾಗ. ರೂಹ್, ಅಂದರೆ ಆತ್ಮ, ಪ್ರಭುವಿನ ಆಜ್ಞೆಗೆ ಸೇರಿದ್ದು, ಆ ಬಗ್ಗೆ ಮನುಷ್ಯರಿಗೆ ಕೊಟ್ಟ ಜ್ಞಾನ ಅಲ್ಪ ಎಂದು ಮುಸ್ಲಿಮರ ಪವಿತ್ರ ಗ್ರಂಥ ಹೇಳುತ್ತದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಗತಿಸಿದ ಹಿರಿಯರಿಗೆ, ಬಡಿಸುವ ತುಳುವ ಮನೆಯಲ್ಲಿ ಸತ್ತವರು ಹಸಿವು, ಆಸೆಗಳಿರುವ ಕುಟುಂಬದ ಸದಸ್ಯರೇ. ಇವರಲ್ಲಿ ಯಾರ ನಂಬಿಕೆಯೂ ಪ್ರಜ್ಞೆಯ ಕಠಿಣ ಸಮಸ್ಯೆಯ ಮೇಲೆ ನಿಂತದ್ದಲ್ಲ. ಶಾಸ್ತ್ರ, ಪರಂಪರೆ, ಸತ್ತವರ ಮೇಲಿನ ಮಮತೆ ಅವುಗಳ ಬುನಾದಿ. ಪರಲೋಕದಂತಹ ಇಂದ್ರಿಯಕ್ಕೆ ನಿಲುಕದ ವಿಷಯಗಳಲ್ಲಿ ಆಗಮವೇ, ಅಂದರೆ ಶಾಸ್ತ್ರದ ಮಾತೇ, ಪ್ರಮಾಣ ಎಂದು ಮಧ್ವರೂ ಸ್ಪಷ್ಟವಾಗಿಯೇ ಹೇಳಿದ್ದರು.

ದೇಹದ ಹೊರಗೆ ನೋಡಿದವರು

ಮೂರನೆಯ ಮಾತಿಗೆ, ಅಂದರೆ ದೇಹದ ನಂತರವೂ ಉಳಿಯುವುದಕ್ಕೆ, ಪ್ರಜ್ಞೆ ಇದೆ ಎಂಬುದೊಂದೇ ಆಧಾರವಾಗುವುದಿಲ್ಲ. ಅದಕ್ಕೆ ಬೇರೆ ಸಾಕ್ಷ್ಯ ಬೇಕು. 1907ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ವೈದ್ಯ ಡಂಕನ್ ಮೆಕ್‌ಡುಗಲ್ ಸಾಯುತ್ತಿದ್ದ ಆರು ಮಂದಿಯನ್ನು ತಕ್ಕಡಿಯ ಮೇಲೆ ಮಲಗಿಸಿ ಆತ್ಮದ ತೂಕ ಹುಡುಕಿದರು. ಆತ್ಮ 21 ಗ್ರಾಂ ಎಂದು ಇಂದಿಗೂ ಮೊಬೈಲ್‌ಗಳಲ್ಲಿ ಹರಿದಾಡುವ ಮಾತು ಅವರಲ್ಲಿ ಒಬ್ಬನೇ ರೋಗಿಯ ಅಳತೆ. ಉಳಿದವರ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ.

ಗಂಭೀರವಾದದ್ದು ಹೃದಯ ನಿಂತು ಮರಳಿ ಬಂದವರ ಅನುಭವಗಳ ಅಧ್ಯಯನ. 2001ರಲ್ಲಿ ನೆದರ್ಲೆಂಡ್ಸ್‌ನ ಪಿಮ್ ಫಾನ್ ಲೊಮ್ಮೆಲ್ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮರಳಿದ 344 ರೋಗಿಗಳ ಪೈಕಿ 62 ಮಂದಿ, ಅಂದರೆ ಶೇ 18ರಷ್ಟು, ಬೆಳಕು, ಶಾಂತಿ, ದೇಹದ ಹೊರಗಿದ್ದಂತೆ ಮೊದಲಾದ ಅನುಭವಗಳನ್ನು ಹೇಳಿದರು. ಅವರು ಸುಳ್ಳು ಹೇಳುತ್ತಿದ್ದಾರೆ ಎನ್ನಲು ಕಾರಣವಿಲ್ಲ. ಆದರೆ ಅನುಭವ ಹೃದಯ ನಿಂತಿದ್ದಾಗಲೇ ನಡೆಯಿತೇ, ಚೇತರಿಸಿಕೊಳ್ಳುವಾಗ ನಡೆಯಿತೇ ಎಂಬುದು ನೆನಪಿನಿಂದ ಗೊತ್ತಾಗುವುದಿಲ್ಲ.

ಇದನ್ನು ಬಿಡಿಸಲು ವೈದ್ಯ ಸ್ಯಾಮ್ ಪಾರ್ನಿಯಾ ನೇತೃತ್ವದ ತಂಡ ಸರಳವಾದ ಉಪಾಯ ಹೂಡಿತು. 15 ಆಸ್ಪತ್ರೆಗಳಲ್ಲಿ ಹಾಸಿಗೆಗಳ ಮೇಲೆ ಎತ್ತರದಲ್ಲಿ ಕಪಾಟು ಹಲಗೆಗಳನ್ನು ಕೂರಿಸಿ, ಛಾವಣಿಯಿಂದ ನೋಡಿದರೆ ಮಾತ್ರ ಕಾಣುವಂತೆ ಚಿತ್ರಗಳನ್ನು ಇಟ್ಟರು. ನಿಜವಾಗಿಯೂ ಮೇಲಿನಿಂದ ನೋಡಿದವರು ಚಿತ್ರವನ್ನು ಹೇಳಬೇಕು. 2014ರಲ್ಲಿ ಫಲಿತಾಂಶ ಬಂತು. 2,060 ಹೃದಯಸ್ತಂಭನ ಪ್ರಕರಣಗಳಲ್ಲಿ ಬದುಕಿ ಸಂದರ್ಶನಕ್ಕೆ ಸಿಕ್ಕವರು 140 ಮಂದಿ. ನೋಡಿದ್ದು, ಕೇಳಿದ್ದು ಸ್ಪಷ್ಟವಾಗಿ ನೆನಪಿದೆ ಎಂದವರು ಇಬ್ಬರು. ಅವರಿಬ್ಬರ ಹೃದಯ ನಿಂತದ್ದು ಹಲಗೆ ಇಲ್ಲದ ಜಾಗದಲ್ಲಿ. 2023ರಲ್ಲಿ ಪ್ರಕಟವಾದ ಎರಡನೇ ಸುತ್ತಿನಲ್ಲಿ 567 ಪ್ರಕರಣಗಳಿದ್ದವು, ಸಂದರ್ಶನ ಮುಗಿಸಿದವರು 28 ಮಂದಿ. ತೋರಿಸಿದ ಚಿತ್ರವನ್ನು ಯಾರೂ ಗುರುತಿಸಲಿಲ್ಲ. ಆದರೆ ಎದೆ ಒತ್ತುತ್ತಿದ್ದ ಹೊತ್ತಿನಲ್ಲಿ, ಸತ್ತೇಹೋಗಿದೆ ಎಂದು ತಿಳಿದಿದ್ದ ಕೆಲವರ ಮಿದುಳಿನಲ್ಲಿ, ಎಚ್ಚರದವರಲ್ಲಿ ಕಾಣುವಂತಹ ಅಲೆಗಳು ಅರ್ಧ ಗಂಟೆ ಮೀರಿದ ಮೇಲೂ ಮತ್ತೆ ಕಾಣಿಸಿಕೊಂಡವು. ಆ ಅಲೆಗಳ ಜೊತೆಗೆ ಅನುಭವವೂ ಇತ್ತೇ ಎಂದು ಹೇಳಲು ಆ ರೋಗಿಗಳ ನೆನಪು ಮತ್ತು ಆ ದಾಖಲೆ ಎರಡೂ ಒಬ್ಬರಲ್ಲೇ ಸಿಗಬೇಕು. ಅಂತಹ ಒಬ್ಬ ರೋಗಿಯೂ ಆ ಅಧ್ಯಯನಕ್ಕೆ ಸಿಗಲಿಲ್ಲ.